ಹೊಸಬರ ಕೊರಳ ಸೀಟಿ

ಬೂದಿಗುಡ್ಡ ಶಿಬಿರ, ಖಾನಾಪುರದ ಕಾಡು
ಫೆಬ್ರುವರಿ ನೂರ ಹದಿನೆಂಟನೆಯ ತಾರೀಖು, ಇಸವಿ ಎರಡು ಸಾವಿರದ ನೂರ ಎಂಬತ್ತಮೂರು

ಪೂಜ್ಯ ಬಾಳಪ್ಪಜ್ಜನವರಿಗೆ, ನಿಮ್ಮಿಂದ ಐದನೆಯ ತಲೆಮಾರಿನ ಬಾಳವ್ವ ಹುಲಿಕಟ್ಟಿ ಮಾಡುವ ನಮಸ್ಕಾರಗಳು.

ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಕಾಗದ ಶುರು ಮಾಡುವುದು ನಿಮ್ಮ ಕಾಲದ ರೂಢಿಯಾಗಿತ್ತಂತೆ. ಆ ಮಾತಿನ ಮೊದಲರ್ಧವನ್ನು ನಾನು ಬರೆಯಲಾರೆ, ಉಳಿದರ್ಧಕ್ಕೆ ನೀವು ಉತ್ತರಿಸಲಾರಿರಿ. ಮೇಲಿನ ತಾರೀಖು ನೋಡಿ ಈ ಹೆಂಗಸಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ಸೈನ್ಯದಿಂದ ನಿವೃತ್ತರಾದವರ ಮೊದಲ ತಂಡಗಳನ್ನು ಕಾಡಿಗೆ ಕರೆತಂದಾಗ, ಫೆಬ್ರುವರಿ ಮುಗಿಯುವವರೆಗೆ ಕಾಡಿಗೆ ಬೆಂಕಿ ಬೀಳದಂತೆ ಕಾಯಿರಿ ಸಾಕು ಎಂದು ಹೇಳಿದ್ದರಂತೆ. ಫೆಬ್ರುವರಿ ಮುಗಿಯಿತು, ಬೆಂಕಿ ಮುಗಿಯಲಿಲ್ಲ. ಸಿಪಾಯಿಗಳು ಕೊಟ್ಟ ಮಾತಿಗೆ ತಪ್ಪುವವರಲ್ಲ, ತಿಂಗಳನ್ನೇ ಹಿಗ್ಗಿಸಿದರು. ಅಂದಿನಿಂದ ನಮ್ಮಲ್ಲಿ ಮೊದಲ ಮಳೆ ಬಿದ್ದ ದಿನವೇ ಮಾರ್ಚ್ ಒಂದು. ಕಳೆದ ವರ್ಷ ಫೆಬ್ರುವರಿ ನೂರ ಅರವತ್ತು ದಾಟಿತು. ಈ ವರ್ಷ ಏನಾಗುವುದೋ ಆ ಎಲ್ಲವ್ವ ತಾಯಿಗೇ ಗೊತ್ತು.

ನನ್ನ ಹಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಬೇಕು. ನನ್ನ ದನಿ ಗದರಿಸುವಂತೆ ಕೇಳಿದರೆ ಅದನ್ನೂ ಕ್ಷಮಿಸಬೇಕು. ನೀವು ನನ್ನ ಅಜ್ಜನ ಮುತ್ತಜ್ಜ, ನಿಮ್ಮ ಹೆಸರನ್ನೇ ನನಗೆ ಇಟ್ಟಿದ್ದಾರೆ. ಆದರೆ ಈ ಕಾಗದ ಓದುವ ನೀವು ಮೂವತ್ತಾರರ ಗಟ್ಟಿಗ, ಬರೆಯುವ ನಾನು ಐವತ್ತಾರರ ಮುದುಕಿ. ಫೌಜು ಬಿಟ್ಟು ಊರಿಗೆ ಬಂದು, ಬೈಲಹೊಂಗಲದಲ್ಲಿ ಯಾವುದೋ ಬ್ಯಾಂಕಿನ ಬಾಗಿಲಿಗೆ ಜೋಡುನಳಿಗೆ ಬಂದೂಕು ಹಿಡಿದು ನಿಂತಿದ್ದೀರಿ. ಹಿಮದಲ್ಲಿ ಗಡಿ ಕಾಯ್ದ ಮನುಷ್ಯ ಈಗ ಎಸಿಯ ತಂಪಿನಲ್ಲಿ ತೂಕಡಿಸುತ್ತಿದ್ದೀರಿ. ನಗುತ್ತಿಲ್ಲ ಅಜ್ಜ, ನಾನೂ ಫೌಜಿನಿಂದ ಹವಾಲ್ದಾರಳಾಗಿ ಬಂದವಳು. ಟ್ರಂಕು ಹೊತ್ತು ಮನೆ ಬಾಗಿಲಲ್ಲಿ ಇಳಿದ ದಿನ ಕೈಗಳಿಗೆ ಏನು ಮಾಡಬೇಕೆಂದು ತೋಚುವುದಿಲ್ಲ, ಅದು ನನಗೆ ಗೊತ್ತು.

ಈ ಕಾಗದ ನಿಮಗೆ ಮುಟ್ಟುವ ದಾರಿಯನ್ನು ನಾವು ಬೂದಿ ಟಪಾಲು ಎನ್ನುತ್ತೇವೆ. ಯುದ್ಧಕ್ಕೆ ಹೋಗುವ ಮುಂಚೆ ಸಿಪಾಯಿಗಳು ಮನೆಗೆ ಕಾಗದ ಬರೆದಿಡುತ್ತಿದ್ದರಲ್ಲ, ಅದರದೇ ಮರಿ ಇದು. ದೊಡ್ಡ ಬೆಂಕಿಗೆ ಹೊರಡುವ ಮುಂಚೆ ಪ್ರತಿಯೊಬ್ಬರೂ ಒಂದು ಕಾಗದ ಬರೆದು, ಡಬ್ಬಿಯಲ್ಲಿಟ್ಟು, ಸುಟ್ಟ ನೆಲದಲ್ಲಿ ಹೂಳುತ್ತೇವೆ. ಬದುಕಿರುವವರಿಗೆ ಬರೆಯುವುದು ಅಪಶಕುನವೆಂದು ನಂಬಿಕೆ, ಆದ್ದರಿಂದ ಸತ್ತವರಿಗೋ ಇನ್ನೂ ಹುಟ್ಟದವರಿಗೋ ಬರೆಯುತ್ತೇವೆ. ಮುಟ್ಟುತ್ತದೆಯೋ ಇಲ್ಲವೋ ಕೇಳಿದವರಿಲ್ಲ.

ನಮ್ಮ ಬದುಕನ್ನು ಸ್ವಲ್ಪ ಹೇಳುತ್ತೇನೆ. ಹೊಗೆಗಾಲ ಎಂಬುದು ನಮ್ಮ ನಾಲ್ಕನೆಯ ಕಾಲ. ಸಂಕ್ರಮಣ ಮುಗಿದ ಮೇಲೆ ಊರುಗಳಲ್ಲಿ ಒಲೆ ಹೊತ್ತಿಸುವಂತಿಲ್ಲ. ಅದಕ್ಕೆ ಮೊದಲೇ ಹೆಂಗಸರು ಗಂಡಸರು ಕೂಡಿ ಜೋಳದ ಕಟಕ ರೊಟ್ಟಿ ಬಡಿದು, ಮಾಳಿಗೆಯೆತ್ತರ ಒಟ್ಟುತ್ತೇವೆ. ಶೇಂಗಾ ಚಟ್ನಿ, ನೆನೆಸಿದ ಕಾಳು, ಮೊಸರು, ಅಷ್ಟೇ ಊಟ. ದೇವರ ಮುಂದೆ ದೀಪದ ಬದಲು ಹಿತ್ತಾಳೆ ಬಟ್ಟಲಲ್ಲಿ ನೀರು ಇಡುತ್ತೇವೆ. ಹೋಳಿಹುಣ್ಣಿಮೆಗೆ ಹಲಗೆ ಬಾರಿಸುತ್ತೇವೆ, ಆದರೆ ಕಾಮಣ್ಣನನ್ನು ಸುಡುವುದಿಲ್ಲ, ಹೂಳುತ್ತೇವೆ. ನನ್ನ ಮಗಳು ಹೊಗೆಗಾಲದಲ್ಲಿ ಬೆಂಕಿಕಡ್ಡಿಯನ್ನು ಮೊದಲ ಸಲ ಕಂಡದ್ದು ಫೌಜಿಗೆ ಸೇರಿದ ಮೇಲೆ. ಈಗ ಮಧ್ಯಾಹ್ನ, ಆದರೂ ಹೊಗೆಯ ಕತ್ತಲೆಗೆ ಕರೆಂಟಿನ ದೀಪ ಹಾಕಿಕೊಂಡು ಬರೆಯುತ್ತಿದ್ದೇನೆ. ಕಿಟಕಿಯ ಸಂದಿಗೆ ಒದ್ದೆ ಅರಿವೆ ತುರುಕಿದ್ದರೂ ಕಾಗದದ ಮೇಲೆ ಬೂದಿ ಕೂರುತ್ತದೆ, ಊದಿ ಊದಿ ಬರೆಯಬೇಕು. ಮಂಗಟ್ಟೆ ಹಕ್ಕಿಗಳು ಈ ಕಾಡು ಬಿಟ್ಟು ಹೋಗಿ ನನ್ನ ಅವ್ವನ ಕಾಲವೇ ಆಯಿತು. ಅವು ತಿಂದು ಉದುರಿಸುತ್ತಿದ್ದ ಬೀಜಗಳನ್ನು ಮಳೆ ಬಿದ್ದ ಮೇಲೆ ನಾವೇ ಹೆಗಲಿಗೆ ಚೀಲ ಹಾಕಿಕೊಂಡು ಬಿತ್ತುತ್ತೇವೆ. ಕೋವಿ ಹಿಡಿದ ಕೈ ಹಕ್ಕಿಯ ಕೆಲಸ ಮಾಡುವುದನ್ನು ನೋಡಿದರೆ ನೀವು ನಗುತ್ತೀರಿ.

ಶಿಬಿರಕ್ಕೆ ಬರುವವರೆಲ್ಲ ಮಾಜಿ ಸೈನಿಕರೇ. ಅವರಿಗೆ ಹೊಸದಾಗಿ ಕಲಿಸಬೇಕಾದದ್ದು ಸ್ವಲ್ಪ, ಮರೆಸಬೇಕಾದದ್ದು ಬೆಟ್ಟದಷ್ಟು. ಲಂಟಾನದ ಪೊದೆಯನ್ನು ಬೇರು ಸಮೇತ ಕೀಳುವುದು, ಬೆಂಕಿ ದಾಟದಂತೆ ನೆಲ ಬೋಳಿಸಿ ಬೆಂಕಿರೇಖೆ ಕೆತ್ತುವುದು, ಹಸಿ ಟೊಂಗೆಯಿಂದ ಹುಲ್ಲಿನ ಬೆಂಕಿ ಬಡಿಯುವುದು, ಇಬ್ಬನಿ ಇರುವ ಮುಂಜಾನೆಗಳಲ್ಲಿ ತರಗೆಲೆಗೆ ತಂಪುಬೆಂಕಿ ಇಡುವುದು, ಇವನ್ನೆಲ್ಲ ಹದಿನೈದು ದಿನದಲ್ಲಿ ಕಲಿಯುತ್ತಾರೆ. ತಂಪುಬೆಂಕಿ ಎಂದರೆ ದೊಡ್ಡ ಬೆಂಕಿಯ ಊಟವನ್ನು ಚಿಕ್ಕ ಬೆಂಕಿಗೆ ಮೊದಲೇ ಬಡಿಸಿಬಿಡುವುದು. ಕಷ್ಟವಾಗುವುದು ನನ್ನ ಮೊದಲ ಪಾಠ. ಅದು ಓಡುವ ಪಾಠ. ಸೀಟಿ ಊದಿದ ಕೂಡಲೇ ಕೈಯಲ್ಲಿದ್ದದ್ದನ್ನು ಬಿಸಾಡಿ ಕರಿನೆಲಕ್ಕೆ, ಅಂದರೆ ಆಗಲೇ ಸುಟ್ಟು ತಣ್ಣಗಾದ ನೆಲಕ್ಕೆ, ಓಡಬೇಕು. ಒಮ್ಮೆ ಸುಟ್ಟದ್ದು ಮತ್ತೆ ಸುಡುವುದಿಲ್ಲ, ಕಾಡಿನಲ್ಲಿ ನಮಗಿರುವ ಒಂದೇ ಕೋಟೆ ಅದು. ಪ್ರತಿ ಸಲವೂ ಯಾರಾದರೊಬ್ಬರು ಮೀಸೆ ತಿರುವಿ, "ಅಕ್ಕಾರ, ಇಪ್ಪತ್ತ ವರ್ಷ ನಿಂದ್ರೂದ ಕಲಿಸ್ಯಾರ, ಈಗ ಓಡೂದ ಕಲಿಸ್ತೀರೇನ್ರಿ?" ಎನ್ನುತ್ತಾರೆ. "ಬೆಂಕಿಗೆ ನಿನ್ನ ಮೆಡಲ್ ಕಾಣೂದಿಲ್ಲಪಾ, ಓಡು" ಎಂದು ನಾನು ಅನ್ನುತ್ತೇನೆ.

ಆ ಸೀಟಿ ಯಾರ ಕೊರಳಲ್ಲಿ ಇರುತ್ತದೆ ಎಂಬುದೇ ಇಲ್ಲಿಯ ದೊಡ್ಡ ಕಟ್ಟಳೆ. ತಂಡದ ಮುಖ್ಯಸ್ಥರ ಕೊರಳಲ್ಲಲ್ಲ, ಎಲ್ಲರಿಗಿಂತ ಹೊಸಬರ ಕೊರಳಲ್ಲಿ. ಹಳಬರಿಗೆ ಬೆಂಕಿ ರೂಢಿಯಾಗಿಬಿಡುತ್ತದೆ, ಇನ್ನೊಂದು ಮಾರು ಕೆತ್ತೋಣ, ಇನ್ನೊಂದು ಗಿಡ ಉಳಿಸೋಣ ಅನ್ನಿಸುತ್ತದೆ. ಹೊಸಬರ ಅಂಜಿಕೆ ಇನ್ನೂ ಹಳಸಿರುವುದಿಲ್ಲ. ಅಂಜಿಕೆಯಾದ ಗಳಿಗೆಗೆ ಅವರು ಊದಬೇಕು, ಯಾರನ್ನೂ ಕೇಳಬಾರದು. ಊದಿದರೆ ಸುಬೇದಾರನಿರಲಿ, ಕರ್ನಲ್ ಆಗಿದ್ದವನಿರಲಿ, ಯಾಕೆ ಎಂದು ಕೇಳದೆ ತಿರುಗಬೇಕು. ಕೇಳಿದವರನ್ನು ಮರುದಿನವೇ ಮನೆಗೆ ಕಳಿಸುತ್ತೇವೆ.

ಇಷ್ಟೆಲ್ಲ ಇದ್ದೂ ಅಡಿವೆಪ್ಪ ನೇಸರಗಿಯವರ ತಂಡ ಉಳಿಯಲಿಲ್ಲ. ಸುಬೇದಾರ್ ಅಡಿವೆಪ್ಪ ನನ್ನ ಕೈಯಲ್ಲೇ ತಯಾರಾದವರು, ಓಡುವ ಪಾಠವನ್ನು ನಾಚದೆ ಕಲಿತ ಮೊದಲ ಸುಬೇದಾರರು. ಎರಡು ಹೊಗೆಗಾಲದ ಹಿಂದೆ ಅವರ ತಂಡಕ್ಕೆ ಫಕೀರಪ್ಪ ಎಂಬವನು ಹೊಸಬನಾಗಿ ಬಂದ. ಅವನು ಫೌಜಿನಲ್ಲೂ ಹತ್ತು ವರ್ಷ ಅಡಿವೆಪ್ಪನವರ ಕೈಕೆಳಗೇ ಇದ್ದವನು. ಹಳೆಯ ಸಾಹೇಬರೇ ಸಿಕ್ಕರೆಂದು ಅವನಿಗೆ ಸಂತೋಷವಾಯಿತು. ನಮಗೂ ಆಯಿತು, ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಆ ದಿನ ನಾನು ಎದುರು ಗುಡ್ಡದಲ್ಲಿ ದುರ್ಬೀನು ಹಿಡಿದು ಗಾಳಿ ಕಾಯುತ್ತಿದ್ದೆ. ಗಾಳಿ ಪಡುವಣಕ್ಕೆ ತಿರುಗಿತು, ಬೆಂಕಿ ಬಿದಿರಿಗೆ ಏರಿತು. ಸೀಟಿ ಕೇಳಲಿಲ್ಲ. ದುರ್ಬೀನಿನಲ್ಲಿ ಎರಡು ಮುಖಗಳು ಕಂಡವು, ಒಂದನ್ನೊಂದು ನೋಡುತ್ತಿದ್ದವು. ನಾನು ಕಿರುಚಿದೆ, ಆ ದೂರಕ್ಕೆ ಕಿರುಚಿದರೆ ಏನು ಕೇಳೀತು? ಆಮೇಲೆ ಹೊಗೆ ಮುಚ್ಚಿತು.

ಫಕೀರಪ್ಪನೊಬ್ಬ ಬದುಕಿದ. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದುಕೊಂಡು ಅವನು ಹೇಳಿದ್ದು ಇಷ್ಟೇ: "ನಂಗ ಅಂಜಿಕಿ ಆಗಿತ್ರಿ ಅಕ್ಕಾರ. ಸೀಟಿ ಬಾಯಾಗ ಇತ್ತು. ಊದ್ಲೇನ್ರಿ ಅಂತ ಸಾಹೇಬ್ರ ಮಾರಿ ನೋಡಿದೆ. ಅವ್ರು ನನ್ನ ಮಾರಿ ನೋಡಾಕತ್ತಿದ್ರು." ಅಡಿವೆಪ್ಪನವರು ಕಟ್ಟಳೆ ಮುರಿದಿರಲಿಲ್ಲ ಅಜ್ಜ. ಸೀಟಿ ಊದುವುದನ್ನೇ ಕಾಯುತ್ತಿದ್ದರು. ಇವನು ಅವರ ಅಪ್ಪಣೆ ಕಾಯುತ್ತಿದ್ದ. ಇಬ್ಬರೂ ಒಳ್ಳೆಯ ಸಿಪಾಯಿಗಳು, ಅದಕ್ಕೇ ತಂಡ ಹೋಯಿತು. ಇದನ್ನು ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆಂದು ತಿಳಿಯುವುದಿಲ್ಲ.

ನಿಮಗೆ ಇದನ್ನೇಕೆ ಬರೆಯುತ್ತಿದ್ದೇನೆಂದರೆ, ಇದೇ ತಪ್ಪು ನಿಮ್ಮ ಮುಂದೆಯೂ ನಡೆಯಲಿದೆ. ನೀವು ತೊಂಬತ್ತು ದಾಟಿ ಬದುಕುತ್ತೀರಿ, ಗಾಬರಿಯಾಗಬೇಡಿ. ಕೊನೆಗಾಲದಲ್ಲಿ ಅಂಗಳಕ್ಕೆ ಬೂದಿ ಬೀಳುವುದನ್ನು ನೋಡುತ್ತ, ಮಡಿಲಲ್ಲಿದ್ದ ಮರಿಮೊಮ್ಮಗನಿಗೆ, ಅಂದರೆ ನನ್ನ ಅಜ್ಜನಿಗೆ, ಒಂದು ಸಭೆಯ ಕತೆಯನ್ನು ಮತ್ತೆ ಮತ್ತೆ ಹೇಳುತ್ತೀರಿ. ಬರುವ ಚಳಿಗಾಲದಲ್ಲಿ ಬೈಲಹೊಂಗಲದ ಒಂದು ಕಲ್ಯಾಣ ಮಂಟಪದಲ್ಲಿ ಮಾಜಿ ಸೈನಿಕರ ಸಭೆ ಸೇರುತ್ತದೆ. ಕಾಡಿನ ಕಡೆಯಿಂದ ಒಬ್ಬ ಅಧಿಕಾರಿ ಹೆಣ್ಣುಮಗಳು ಬರುತ್ತಾಳೆ. ಖಾನಾಪುರದ ಕಾಡಿಗೆ ಬೆಂಕಿ ಕಾಯುವ ತಂಡ ಕಟ್ಟುತ್ತೇವೆ, ತರಬೇತಿ ಕೊಡುತ್ತೇವೆ, ನಿಮ್ಮಂಥವರೇ ಬೇಕು, ಯಾರು ಬರುತ್ತೀರಿ ಎಂದು ಕೇಳುತ್ತಾಳೆ. ಮಂಟಪ ತುಂಬ ಗಂಡಸರು. ಎಲ್ಲರೂ ಮುಂದಿನ ಸಾಲಿನಲ್ಲಿ ಕುಳಿತ ಸುಬೇದಾರ್ ಮೇಜರ್ ಬಸಲಿಂಗಪ್ಪ ಸಾಹೇಬರ ಕಡೆ ನೋಡುತ್ತಾರೆ. ಸಾಹೇಬರು ಹಿಂದೆ ತಿರುಗಿ ಎಲ್ಲರ ಮುಖ ನೋಡುತ್ತಾರೆ. ಒಂದು ಕೈಯೂ ಏಳುವುದಿಲ್ಲ. ಉಪ್ಪಿಟ್ಟು, ಚಹಾ ಆಗುತ್ತದೆ. ಆಕೆ ಜೀಪು ಹತ್ತಿ ಹೋಗುತ್ತಾಳೆ, ಮತ್ತೆ ಬರುವುದಿಲ್ಲ.

ಎಷ್ಟೋ ವರ್ಷದ ಮೇಲೆ, ಹಾಸಿಗೆ ಹಿಡಿದ ಬಸಲಿಂಗಪ್ಪ ಸಾಹೇಬರು ನಿಮಗೆ ಹೇಳುತ್ತಾರೆ: "ನಿಮ್ಮೊಳಗ ಒಬ್ಬಾವರ ಕೈ ಎತ್ತಿದ್ರ ನಾ ಮುಂದಾಗಿ ಹೊಂಟಿದ್ನಲ್ಲೋ ಬಾಳ್ಯಾ." ಆ ಸಭೆಯ ಮೇಲೆ ನಲವತ್ತು ವರ್ಷ ಈ ಕಾಡಿಗೆ ತಂಡವಿರಲಿಲ್ಲ. ಲಂಟಾನ ಆಳೆತ್ತರ ಬೆಳೆಯಿತು, ತರಗೆಲೆ ಮೊಳಕಾಲುದ್ದ ಬಿತ್ತು, ತಂಪುಬೆಂಕಿ ಇಡುವವರಿರಲಿಲ್ಲ. ಮೊದಲ ದೊಡ್ಡ ಬೆಂಕಿ ಬಂದಾಗ ಅದಕ್ಕೆ ಹಬ್ಬದೂಟ ಹಾಕಿಟ್ಟಂತಿತ್ತು. ಕಾಡು ಹೋಯಿತು. ಕಾಡಿನ ಹಿಂದೆ ಮಲಪ್ರಭೆ ಹೋಯಿತು. ಹೊಳೆಯ ಹಿಂದೆ ಊರುಗಳು ಹೋದವು, ನಮ್ಮ ಊರೂ ಹೋಯಿತು. ಒಂದು ಕೈ ಎತ್ತಿದ್ದರೆ ಎಲ್ಲವೂ ಉಳಿಯುತ್ತಿತ್ತು ಎಂದು ನಾನು ಹೇಳುವುದಿಲ್ಲ, ಅಷ್ಟು ಹುಚ್ಚಿಯಲ್ಲ. ಕಲಿಯಲು ನಮಗೆ ನಲವತ್ತು ವರ್ಷ ಹೆಚ್ಚು ಸಿಗುತ್ತಿತ್ತು, ಅಷ್ಟೇ.

ಈಗ ನನ್ನ ಸಂಕಟ ಹೇಳುತ್ತೇನೆ. ಮಲಪ್ರಭೆ ಹುಟ್ಟುವ ಕಣಿವೆಯಲ್ಲಿ ಒಂದು ಒರತೆ ಇನ್ನೂ ಜಿನುಗುತ್ತಿದೆ, ಅದರ ಸುತ್ತ ನಾವು ಬಿತ್ತಿದ ಗಿಡಗಳು ತಲೆಯೆತ್ತರ ಬಂದಿವೆ. ಬೆಂಕಿ ಅದರಿಂದ ಎರಡು ಗುಡ್ಡ ಆಚೆ ಇದೆ. ನಾಳೆ ಗಾಳಿ ಏಳುವ ಮುಂಚೆ ನಮ್ಮ ತಂಡ ಹೊರಡಬೇಕು. ತಂಡಕ್ಕೆ ಮುಖ್ಯಸ್ಥೆ ನಾನು. ಹೊಸಬಳು ನನ್ನ ಮಗಳು ನೀಲವ್ವ, ಈ ಸಂಕ್ರಮಣಕ್ಕೆ ಫೌಜು ಬಿಟ್ಟು ಬಂದವಳು. ಫೌಜಿನಲ್ಲಿ ಒಬ್ಬರ ಕೈಕೆಳಗೆ ಒಬ್ಬರಿದ್ದವರನ್ನು, ಒಂದೇ ಮನೆಯವರನ್ನು ಒಂದೇ ತಂಡಕ್ಕೆ ಹಾಕಬಾರದೆಂದು ಫಕೀರಪ್ಪನ ಪ್ರಕರಣದ ಮೇಲೆ ನಾನೇ ಹಟ ಹಿಡಿದು ಕಟ್ಟಳೆ ಮಾಡಿಸಿದ್ದೆ. ಆದರೆ ಉಳಿದ ತಂಡಗಳೆಲ್ಲ ಬೇರೆ ಬೆಂಕಿಗಳಲ್ಲಿವೆ, ಇಲ್ಲಿ ಜನವಿಲ್ಲ. ಸೀಟಿ ಅವಳ ಕೊರಳಿಗೆ ಬಿದ್ದಿದೆ.

ಒಂದು ವಾರ ಅವಳನ್ನು ಬಯಲಿನಲ್ಲಿ ಓಡಿಸಿ ಓಡಿಸಿ ಕಲಿಸಿದೆ. ಜಾಣೆ, ಗಾಳಿ ತಿರುಗುವುದು ನನಗಿಂತ ಮೊದಲು ಅವಳ ಕೆನ್ನೆಗೆ ತಿಳಿಯುತ್ತದೆ. ಆದರೆ ಸೀಟಿ ತುಟಿಗೆ ಹೋದ ಮೇಲೆ, ಊದುವ ಮುಂಚೆ, ಪ್ರತಿ ಸಲವೂ ಅವಳ ಕಣ್ಣು ನನ್ನ ಕಡೆ ಬರುತ್ತದೆ. ಒಂದೇ ಗಳಿಗೆ. ಚಿಕ್ಕವಳಿದ್ದಾಗ ಪಕ್ಕದ ಮನೆಯವರು ಉಂಡಿ ಕೊಟ್ಟರೆ ಇಸಿದುಕೊಳ್ಳುವ ಮುಂಚೆ ಹೀಗೇ ನೋಡುತ್ತಿದ್ದಳು, ಅವ್ವ ಹೂಂ ಅಂದರೆ ಮಾತ್ರ ಕೈ ಚಾಚುತ್ತಿದ್ದಳು. ಎಷ್ಟು ಚಲೋ ಕಲಿಸೀಯವ್ವಾ ಮಗಳಿಗೆ ಎಂದು ಓಣಿಯೆಲ್ಲ ಹೊಗಳುತ್ತಿತ್ತು. ನಾನು ಹಿಗ್ಗುತ್ತಿದ್ದೆ. ಬಿದಿರಿಗೆ ಏರಿದ ಬೆಂಕಿಗೆ ಆ ಒಂದು ಗಳಿಗೆ ಬೇಕಾದಷ್ಟಾಯಿತು. ಬೈದೆ, ಬೇಡಿಕೊಂಡೆ. "ನಾ ಎಲ್ಲಿ ನೋಡ್ತೀನಬೇ?" ಎನ್ನುತ್ತಾಳೆ. ನೋಡುವುದು ಅವಳಿಗೇ ತಿಳಿಯುತ್ತಿಲ್ಲ. ನನಗೆ ಭಯವಾಗಿದೆ ಅಜ್ಜ. ಹದಿನೆಂಟು ವರ್ಷ ಫೌಜಿನಲ್ಲಿ, ಇಷ್ಟು ವರ್ಷ ಬೆಂಕಿಯಲ್ಲಿ ಹೀಗೆ ಭಯವಾಗಿರಲಿಲ್ಲ.

ಆದ್ದರಿಂದ ನಾಳೆ ನಾನು ಮಗಳಿಗೆ ಬೆನ್ನು ಹಾಕಿ ನಿಲ್ಲುತ್ತೇನೆ. ಬೆಂಕಿ ನನ್ನ ಎದುರಿಗಿರುತ್ತದೆ, ಅವಳು ನನ್ನ ಹಿಂದೆ. ಏನಾದರೂ ಆಗಲಿ, ಅವಳು ಕೂಗಿದರೂ, ನಾನು ತಿರುಗುವುದಿಲ್ಲ. ಅವಳಿಗೆ ನನ್ನ ಮುಖ ಕಾಣದಿದ್ದರೆ ಕೇಳಲು ಯಾರೂ ಇರುವುದಿಲ್ಲ, ಆಗ ಊದಿಯಾಳು. ನನಗೂ ಅವಳ ಮುಖ ಕಾಣುವುದಿಲ್ಲ. ಅದೇ ಕೊನೆಯಾದರೆ ಎಂಬ ವಿಚಾರ ಬರುತ್ತದೆ, ಬಂದಾಗಲೆಲ್ಲ ಎದ್ದು ಕೊಡಲಿಯನ್ನು ಮತ್ತೊಮ್ಮೆ ಮಸೆಯುತ್ತೇನೆ.

ನಿಮ್ಮಲ್ಲಿ ನನ್ನ ಬೇಡಿಕೆ ಒಂದೇ. ಆ ಸಭೆಗೆ ಹೋಗಿ. ನಿಮಗೆ ಸಿಗುವುದು ಹಿಂದಿನ ಸಾಲು, ಅಲ್ಲಿ ಇರುವವರಲ್ಲೆಲ್ಲ ನೀವೇ ಹೊಸಬರು. ಆ ಹೆಣ್ಣುಮಗಳು ಕೇಳಿದಾಗ ನಿಮ್ಮ ಎದೆಯಲ್ಲಿ ಏನೋ ಅಳುಕುತ್ತದೆ, ಅದನ್ನು ನೀವೇ ನನ್ನ ಅಜ್ಜನಿಗೆ ಹೇಳಿದ್ದೀರಿ. ಅದು ಅಳುಕಿದ ಗಳಿಗೆಯಲ್ಲೇ ಕೈ ಎತ್ತಿ. ಬಸಲಿಂಗಪ್ಪ ಸಾಹೇಬರು ತಿರುಗುವ ಮುಂಚೆ ಎತ್ತಿ. ಅವರೂ ಕಾಯುತ್ತಿದ್ದಾರೆ. ನೀವು ಎತ್ತಿದರೆ ಮುಂದಿನದೆಲ್ಲ ಬೇರೆಯಾಗಿ, ಈ ಶಿಬಿರ, ಈ ಕಾಗದ, ನಿಮ್ಮ ಹೆಸರು ಹೊತ್ತ ಈ ಮುದುಕಿ, ಯಾವುದೂ ಇಲ್ಲದೆ ಹೋಗಬಹುದು. ಹೋಗಲಿ. ನೀಲವ್ವ ಎಲ್ಲಾದರೂ ಹುಟ್ಟಲಿ, ಉಂಡಿ ಕೊಟ್ಟರೆ ಯಾರ ಮುಖವನ್ನೂ ನೋಡದೆ ಇಸಿದುಕೊಂಡು ತಿನ್ನಲಿ.

ಹೊರಗೆ ಅವಳು ನನ್ನನ್ನು ಕರೆಯುತ್ತಿದ್ದಾಳೆ, ಡಬ್ಬಿ ಹೂಳಲು ಗುಂಡಿ ತೋಡಿದ್ದಾಳಂತೆ. ಇಲ್ಲಿಗೆ ಮುಗಿಸುತ್ತೇನೆ. ನಾಳೆ ನಾನು ಬೆನ್ನು ಹಾಕಿ ನಿಂತಿರುತ್ತೇನೆ ಅಜ್ಜ, ಕಿವಿ ಮಾತ್ರ ಹಿಂದಿರುತ್ತದೆ.

ನಿಮ್ಮ
ಬಾಳವ್ವ