ತೊಟ್ಟಿಯ ನೆಲದ ಮೇಲೆ ಮೂರನೆಯವಳು

ದಾವಣಗೆರೆ,
ಮಂಗಳವಾರ, ೪ ಮಾರ್ಚ್ ೧೯೫೮

ಮಗ ಕರಿಬಸವರಾಜನಿಗೆ ಅವ್ವನ ಆಶೀರ್ವಾದ.

ನಿನ್ನ ಕೆಮ್ಮು ಹೇಗಿದೆ? ಧಾರವಾಡದ ಬೆಳಗಿನ ಗಾಳಿ ನಿನಗೆ ಆಗಿಬರುವುದಿಲ್ಲವೆಂದು ನಾನು ಮೊದಲೇ ಹೇಳಿದ್ದೆ. ಕಾಲೇಜಿಗೆ ಹೋಗುವಾಗ ಕಿವಿ ಮುಚ್ಚಿಕೋ. ಲೆಕ್ಚರರ್ ಆದವನು ಮಫ್ಲರ್ ಸುತ್ತಿಕೊಂಡರೆ ಮರ್ಯಾದೆಯೇನೂ ಹೋಗುವುದಿಲ್ಲ. ಖಾನಾವಳಿಯವನು ರೊಟ್ಟಿಗೆ ಬೆಣ್ಣೆ ಹಾಕುತ್ತಾನೋ ಇಲ್ಲವೋ ಬರೆ. ನಾನು ಗಟ್ಟಿಯಾಗಿದ್ದೇನೆ. ನಿನ್ನ ಹೆಂಡತಿ ನೀಲಮ್ಮ ಎದ್ದು ಓಡಾಡುತ್ತಾಳೆ, ಆದರೆ ಊಟ ಸೇರುತ್ತಿಲ್ಲ. ನಿನ್ನ ದೊಡ್ಡ ಹುಡುಗಿಯರಿಬ್ಬರೂ ಶಾಲೆಯಿಂದ ಬಂದವರೇ ಚೀಲ ಎಸೆದು ಕೂಸಿನ ಪಕ್ಕ ಕೂರುತ್ತಾರೆ.

ಬೆಳಿಗ್ಗೆ ನಮ್ಮ ಜಗಲಿಯ ಮೇಲೆ ಎಂದಿನಂತೆ ಜನ. ಹತ್ತಿ ಮಾರಲು ಬಂದವರು, ಮಗನಿಗೆ ಮಿಲ್ಲಿನಲ್ಲಿ ಕೆಲಸ ಕೇಳುವವರು, ಜಗಳ ಹೊತ್ತು ತಂದ ಮಾಯಕೊಂಡದ ಅಣ್ಣತಮ್ಮಂದಿರು. ನಿನ್ನ ಅಪ್ಪಾಜಿ ಲಿಂಗೈಕ್ಯರಾದ ಮೇಲೆ ಇವರು ಬರುವುದು ನಿಲ್ಲುತ್ತದೆಂದು ಊರು ಅಂದುಕೊಂಡಿತ್ತು. ನಿಲ್ಲಲಿಲ್ಲ. ದಸರಾ ರಜೆಯಲ್ಲಿ ನೀನು ಇದನ್ನು ನೋಡಿ, ಹಿಂದೆ ರೋಮಿನ ದೊಡ್ಡ ಮನೆಗಳ ಮುಂದೆಯೂ ಬೆಳಗಾದರೆ ಹೀಗೆಯೇ ಜನ ಕಾಯುತ್ತಿದ್ದರೆಂದು ಹೇಳಿ ನಕ್ಕೆ. ಅಲ್ಲಿ ಚುನಾವಣೆಗೆ ನಿಂತವರು ಬಟ್ಟೆಗೆ ಬಿಳಿ ಸುಣ್ಣದ ಪುಡಿ ಉಜ್ಜಿಕೊಂಡು ಕೈಮುಗಿಯುತ್ತ ತಿರುಗುತ್ತಿದ್ದರಂತೆ. ಹೋದ ವರ್ಷ ವೋಟು ಕೇಳಲು ನಮ್ಮ ಜಗಲಿ ಹತ್ತಿದವರ ಬಿಳುಪೂ ಅಷ್ಟೇ ಗಟ್ಟಿಯಿತ್ತು, ಒಂದು ಒಗೆತಕ್ಕೆ ಹೋಯಿತು.

ಅಂದು ಸಂಜೆ ನಮ್ಮ ತೊಟ್ಟಿಯಲ್ಲೇ ಕೂತು ನೀನು ರೋಮಿನವರ ಮನೆಗಳನ್ನು ವರ್ಣಿಸಿದೆ. ನಮ್ಮದರಂತೆಯೇ ನಡುವೆ ಆಕಾಶ ಕಾಣುವ ಅಂಗಳ, ಮಳೆನೀರಿಗೆ ಕೆಳಗೊಂದು ಕೊಳ, ಗೋಡೆಯ ಗೂಡುಗಳಲ್ಲಿ ಸತ್ತ ಹಿರಿಯರ ಮೇಣದ ಮುಖಗಳು. ಕೂಸು ಹುಟ್ಟಿದರೆ ನೆಲದ ಮೇಲೆ ಮಲಗಿಸುವುದು. ಅಪ್ಪ ಬಂದು ಎತ್ತಿಕೊಂಡರೆ ಅದು ಆ ಮನೆಯದು. ಎತ್ತಿಕೊಳ್ಳದಿದ್ದರೆ ಹೊರಗೆ ಬಿಟ್ಟು ಬರುವುದು. ಹೆಣ್ಣಿಗೆ ತನ್ನದೆಂಬ ಹೆಸರಿಲ್ಲ, ಮೂರನೆಯವಳನ್ನು ಮೂರನೆಯವಳು ಎಂದೇ ಕರೆಯುವುದು. ಕೂಸು ಬಾಣಂತಿಯರಿಗೆ ನೀರು ಹಾಕುವ ನಮ್ಮ ಉಡಚಮ್ಮ ಶೇಂಗಾ ಸುಲಿಯುವುದನ್ನು ಬಿಟ್ಟು, “ಎತ್ಕಣಾಕೂ ಅಷ್ಟೊಂದು ಯೋಚ್ನೆ ಯಾಕ್ರಿ ಸಣ್ಣಪ್ಪಾರೆ? ಕೂಸು ಅತ್ರೆ ಸೊಂಟ ತಾನಾಗೇ ಬಗ್ತೈತಲ್ಲ” ಅಂದಳು. ನೀನು, ಅವರು ಲೋಕಕ್ಕೇ ಕಾಯಿದೆ ಕಲಿಸಿದ ಜನ ಅಂದೆ. ನೀಲಮ್ಮ ಆಗ ಬಸುರಿ. ಕಂಬಕ್ಕೆ ಒರಗಿ ಕೇಳುತ್ತಿದ್ದಳು.

ಕೂಸು ಹುಟ್ಟಿ ತಿಂಗಳಾಗುತ್ತ ಬಂತು. ನಿನ್ನಿಂದ ಬಂದದ್ದು ಒಂದು ಕಾರ್ಡು. ಮೂರನೆಯದೂ ಹೆಣ್ಣೆಂದು ತಿಳಿಯಿತು, ಪರೀಕ್ಷೆಯ ಕೆಲಸವಿದೆ, ಬರಲಾಗುವುದಿಲ್ಲ, ಎಂದಷ್ಟೇ. ನೀಲಮ್ಮ ಓದಿ ಗೋಡೆಯ ಕಡೆ ತಿರುಗಿ ಮಲಗಿದಳು. ಹರಿಹರದಿಂದ ನಿನ್ನ ಅಕ್ಕ ಕಸ್ತೂರಮ್ಮ ಬಂದಿದ್ದಾಳೆ. ಸೋದರತ್ತೆಯಲ್ಲವೇ, ಹೆಸರು ಕರೆಯುವವಳು ಅವಳೇ. ಬಂದವಳು, “ಸಾಕಮ್ಮ ಅಂತ ಕರೆಯಾನ ಬಿಡವ್ವ. ಹಂಗ್ ಕರೆದ್ರೆ ಹೆಣ್ಣು ಸಾಕು ಅಂತ ಶಿವಗೂ ತಿಳಿತೈತೆ, ಮುಂದಿಂದು ಗಂಡಾಗ್ತೈತೆ” ಅಂದಳು. ನಾನು ಹೇಳಿದೆ: “ನೀನೂ ನನ್ನ ಮೂರನೆಯವಳೇ. ನಿಂಗೆ ಆ ಹೆಸರು ಇಟ್ಟಿದ್ರೆ ನಿನ್ ತಮ್ಮ ಬೇಗ ಹುಟ್ತಿದ್ನೇನೋ. ಇಡಲಿಲ್ಲ ನೋಡು.” ಅವಳು ಎದ್ದು ಚಟ್ನಿಪುಡಿ ಕುಟ್ಟಲು ಹೋದಳು.

ಈಗ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗಿನ ಕಾಲ. ಮಿಲ್ಲುಗಳ ಕಡೆಯಿಂದ ಅರಳೆಯ ಎಳೆಗಳು ತೇಲಿಬಂದು ಮಧ್ಯಾಹ್ನದ ಹೊತ್ತಿಗೆ ತೊಟ್ಟಿಯೊಳಗೆ ಮೆಲ್ಲಗೆ ಇಳಿಯುತ್ತವೆ. ಶುಕ್ರವಾರ ಊಟವಾದ ಮೇಲೆ ಅವನ್ನೇ ನೋಡುತ್ತ ಕೂತಲ್ಲೇ ಕಣ್ಣು ಹತ್ತಿತು. ತೊಟ್ಟಿ ನಮ್ಮದೇ, ಆದರೆ ಕಂಬಗಳು ಅಮೃತಶಿಲೆಯವು. ಹಿತ್ತಲ ಬಾಗಿಲಾಚೆ ಹೊಳೆ. ಹರಿಹರದ ಹೊಳೆಯಂತೆಯೇ ಮರಳು ಬಿಟ್ಟುಕೊಂಡು ಸದ್ದಿಲ್ಲದೆ ಹರಿಯುತ್ತಿತ್ತು. ಗೂಡುಗಳಲ್ಲಿ ಮೇಣದ ಮುಖಗಳು. ಒಂದರ ಹಣೆಯ ಮೇಲೆ ವಿಭೂತಿಯಿತ್ತು, ನಿನ್ನ ಅಪ್ಪಾಜಿಯದು. ನಡುವೆ ಕಲ್ಲಿನ ಮೇಲೆ ನಮ್ಮ ಕೂಸು. ಜಗಲಿಯ ಜನವೆಲ್ಲ ಬಿಳಿ ಬಟ್ಟೆ ಹೊದ್ದು ಒಳಗೆ ಬಂದು ನಿಂತಿದ್ದರು. ಎಲ್ಲರ ಕಿವಿಯೂ ಬಾಗಿಲ ಕಡೆ. ಅರಳೆ ಇಳಿಯುತ್ತಲೇ ಇತ್ತು. ಕೂಸಿನ ಎದೆಯ ಮೇಲೆ, ಕಣ್ಣರೆಪ್ಪೆಯ ಮೇಲೆ, ಹಗುರವಾಗಿ. ಅದು ಅಳಲಿಲ್ಲ. ಆಕಾಶ ನೋಡುತ್ತ ಕೈ ಆಡಿಸುತ್ತಿತ್ತು. ಬಿಳುಪಿನಲ್ಲಿ ಅದರ ಕಾಲು ಮುಚ್ಚಿತು, ಹೊಟ್ಟೆ ಮುಚ್ಚಿತು. ಎತ್ತಿಕೊಳ್ಳಲು ನಾನು ಏಳುತ್ತೇನೆ, ಮೇಣದ ಮುಖ ಹೇಳುತ್ತದೆ, “ನಿಂಗೆ ಅಧಿಕಾರ ಇಲ್ಲ, ಕೂಡ್ರು.” ಬದುಕಿದ್ದಾಗ ಅವರು ನನಗೆ ಎಂದೂ ಹಾಗೆ ಅಂದವರಲ್ಲ. ಆ ಸಿಟ್ಟಿಗೇ ಎಚ್ಚರವಾಯಿತು. ಕೂಸು ಒಳಗೆ ತಾಯಿಯ ಮಗ್ಗುಲಲ್ಲಿತ್ತು. ನನ್ನ ಸೆರಗಿನ ಮೇಲೆ ಒಂದೇ ಒಂದು ಎಳೆ ಅರಳೆ.

ಹೊತ್ತಾಯಿತು, ಜಗಲಿಯಲ್ಲಿ ಜನ ಕೆಮ್ಮುತ್ತಿದ್ದಾರೆ. ಉಡಚಮ್ಮ ನಿನ್ನನ್ನು ಕೇಳಿದಳು. ಕಸ್ತೂರಮ್ಮ ಚಟ್ನಿಪುಡಿ ಕಟ್ಟಿಟ್ಟಿದ್ದಾಳೆ, ಕಳಿಸುವುದಿಲ್ಲವಂತೆ, ಬಂದರೆ ಕೊಡುತ್ತಾಳಂತೆ. ಶಿವ ನಿನ್ನನ್ನು ಆರೋಗ್ಯವಾಗಿಡಲಿ, ಬುದ್ಧಿಯನ್ನೂ ಕೊಡಲಿ.

ನಿನ್ನ ಅವ್ವ,
ಮರುಳಸಿದ್ದಮ್ಮ

ಮರೆತೆ: ಬರುವ ಸೋಮವಾರ ತೊಟ್ಟಿಲಿಗೆ ಹಾಕುವ ಶಾಸ್ತ್ರ. ತೊಟ್ಟಿಲಿಗೆ ಹಾಕುವ ಮೊದಲು ಕೂಸನ್ನು ತೊಟ್ಟಿಯ ನೆಲದ ಮೇಲೆ ಕಂಬಳಿ ಹಾಸಿ ಮಲಗಿಸುತ್ತೇನೆ. ಊರವರೆಲ್ಲ ಇರುತ್ತಾರೆ. ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಹರಿಹರದ ಸೇತುವೆ ದಾಟುತ್ತೀಯ. ನೀನು ಬಂದು ಎತ್ತಿಕೊಂಡರೆ ಹೆಸರು ನಿನ್ನಿಷ್ಟ. ಬರದಿದ್ದರೆ ನಾನು ಎತ್ತಿಕೊಳ್ಳುತ್ತೇನೆ, ನನ್ನ ಹೆಸರನ್ನೇ ಇಡುತ್ತೇನೆ. ರೋಮಿನಲ್ಲಿ ಹೆಂಗಸಿಗೆ ಆ ಅಧಿಕಾರ ಇರಲಿಲ್ಲ, ದಾವಣಗೆರೆಯಲ್ಲಿ ಇದೆ. ಆಮೇಲೆ ಅವಳು ನನ್ನ ಮಗಳು; ನಿನಗೆ ಮಗಳಲ್ಲ, ತಂಗಿ. ಈ ಮನೆ ನನ್ನ ಹೆಸರಿನಲ್ಲಿದೆ, ಹೆಣ್ಣಿಗೂ ಪಾಲೆಂದು ಕಾಯಿದೆ ಬಂದಿದೆ; ನೀನು ಓದಿದವನು, ನಿನಗೆ ಗೊತ್ತು. ಬೇಗ ಬಾ. ಅವಳಿಗೆ ಕಾಯುವುದು ಇನ್ನೂ ಗೊತ್ತಿಲ್ಲ.