ಹೂ ಮುಡಿದು ದ್ರಾಕ್ಷಿ ಸೀಮೆಗೆ

ಮಾವಾರೆ,

ತಲೆಗೆ ಎಣ್ಣೆ ಹಚ್ಚಿಕೊಂಡು, ಮುಖಕ್ಕೆ ಪೌಡರ್ ಬಳಿದುಕೊಂಡು ಕೂತು ಇದನ್ನು ಬರೆಯುತ್ತಿದ್ದೇನೆ. ನೀವಿದ್ದಿದ್ದರೆ ಬಾಗಿಲಲ್ಲೇ ತಡೆಯುತ್ತಿದ್ದಿರಿ, ಅಲ್ಲವೇ? ತಡೆಯಿರಿ ನೋಡೋಣ ಈಗ! ಹೋದ ಭಾನುವಾರ ನಾವು ನಾಸಿಕದ ವೈನ್ ಮಾಡುವ ದ್ರಾಕ್ಷಿ ತೋಟಗಳಿಗೆ ಹೋಗಿ ಬಂದೆವು. ನೀವಿಲ್ಲದೆ ಹೋದದ್ದು ಇದೇ ಮೊದಲು. ನಿಮ್ಮ ಕಾನೂನುಗಳನ್ನೆಲ್ಲ ಗಾಳಿಗೆ ತೂರಿ ಬಂದೆವು. ಅದನ್ನು ನಿಮಗೆ ಹೇಳದೆ ನನಗೆ ಉಂಡದ್ದು ಮೈಗೆ ಹತ್ತುತ್ತಿಲ್ಲ.

ನಾನು ಬೊರಿವಲಿಯ ಮನೆಗೆ ಸೊಸೆಯಾಗಿ ಬಂದ ಹೊಸತು. ನಾಸಿಕಕ್ಕೆ ಹೋಗುವುದೆಂದು ಸಂಭ್ರಮದಿಂದ ಸೆಂಟು ಹಾಕಿಕೊಂಡು ಕಾರಿನ ಹತ್ತಿರ ಬಂದೆ. ನೀವು ಮೂಗು ಮೇಲೆತ್ತಿ, "ಶೈಲಾ, ಸಿಟ್ಟಾಗಬ್ಯಾಡವಾ. ಹೋಗಿ ಬರೇ ನೀರಾಗ ಜಳಕಾ ಮಾಡಿ ಬಾ. ಸೋಪು ಹಚ್ಚಬ್ಯಾಡ," ಅಂದಿರಿ. ನನಗೆ ಅಳುವೇ ಬಂತು. ನೀವು ಸರ್ವಿಸ್ ಪೂರ್ತಿ ವಿಕ್ರೋಳಿಯ ಸೋಪಿನ ಫ್ಯಾಕ್ಟರಿಯಲ್ಲಿ ಪರಿಮಳ ಪರೀಕ್ಷಿಸುವ ಕೆಲಸದಲ್ಲಿದ್ದವರು, ನಿಮ್ಮ ಮೂಗಿನಿಂದಲೇ ಮನೆಯ ಒಲೆ ಉರಿದದ್ದು ಎಂದು ಆಮೇಲೆ ನಿಮ್ಮ ಮಗ ಹೇಳಿದರು. ಎಣ್ಣೆ, ಪೌಡರ್, ಹೂವು, ಪಾನ್, ಯಾವುದರ ವಾಸನೆಯೂ ಆ ದಿನ ಕಾರಿನಲ್ಲಿ ಇರಕೂಡದು. ಅಂಥ ಕಾನೂನನ್ನು ಇನ್ಯಾವ ಮನೆಯ ಮಾವ ಮಾಡಿಯಾನು?

ಅದಕ್ಕಿಂತ ಬೆರಗಿನ ಸಂಗತಿ ಗೊತ್ತಾದದ್ದು ಅಲ್ಲಿಗೆ ಹೋದ ಮೇಲೆ. ಕೊರಳಲ್ಲಿ ಲಿಂಗ ಇದ್ದ ನೀವು ಒಂದು ತೊಟ್ಟು ವೈನನ್ನೂ ಬಾಯಿಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಡ್ಯಾಮಿನ ಹಿನ್ನೀರು ಕಾಣುವ ವೈನರಿಯ ಟೆರೇಸಿನಲ್ಲಿ ಕೂತು ಒಂದೊಂದೇ ಗ್ಲಾಸನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚುತ್ತಿದ್ದಿರಿ. "ಇದು ಮಾಗಿದ ಪ್ಯಾರಲಹಣ್ಣಿನಂಗ ಅದ. ತಣ್ಣಗ ಇದ್ದಾಗ ಕುಡದ್ಬಿಡ್ರಿ." ಕೆಂಪು ವೈನ್ ಬಂದರೆ, "ಇದು ಇನ್ನೂ ಸಿಟ್ಟಿನಾಗ ಅದ. ಮುಟ್ಟಬ್ಯಾಡ್ರಿ." ನೀವು ದಾಟಿಸಿದ ಗ್ಲಾಸನ್ನು ನಾವು ಪ್ರಸಾದದ ಹಾಗೆ ತೆಗೆದುಕೊಂಡು ಕುಡಿಯುತ್ತಿದ್ದೆವು. ಒಂದು ಸಲವೂ ನಿಮ್ಮ ಮಾತು ಸುಳ್ಳಾಗಲಿಲ್ಲ. ಕುಡಿಯದವರು ಕುಡಿಯುವವರಿಗೆ ಇಷ್ಟು ಒಳ್ಳೆಯದನ್ನು ಆರಿಸಿ ಕೊಡುವುದೆಂದರೆ... ನನಗಂತೂ ನಿಮ್ಮ ಮೇಲೆ ಅಭಿಮಾನ ಉಕ್ಕುತ್ತಿತ್ತು. ಎದುರಿಗೆ ಹೇಳಲು ನಾಚಿಕೆ.

ಊಟದ ವಿಷಯದಲ್ಲೂ ನಿಮ್ಮದೇ ಕಾನೂನು. ನಮ್ಮ ಬಿಲ್ಡಿಂಗಿನವರು ಯಾರೇ ನಾಸಿಕಕ್ಕೆ ಹೊರಟರೂ ನಿಮ್ಮನ್ನು ಕೇಳಿಯೇ ಹೋಗುತ್ತಿದ್ದರು, ನೆನಪಿದೆಯೇ? ಲಿಫ್ಟಿನ ಮುಂದೆ ನಿಲ್ಲಿಸಿಕೊಂಡು ಪಾಠ ಮಾಡುತ್ತಿದ್ದಿರಿ. ಮುಂಜಾನೆ, ಊಟಕ್ಕೆ ಮೊದಲೇ ವಾಸನೆ ನೋಡಬೇಕು. ಬಿಳಿ ವೈನನ್ನು ನೀರು, ಗಾಳಿ ಇರುವ ಕಡೆ ಕೂತು ಕುಡಿಯಬೇಕು. ಆದರೆ ಅಲ್ಲಿಯ ಪಿಜ್ಜಾ ತಿಂದು ಹೊಟ್ಟೆ ತುಂಬಿಸಿಕೊಳ್ಳಬಾರದು. ದಿಂಡೋರಿ ರಸ್ತೆಯಲ್ಲಿ ಮರಾಠಿ ತಾಯಿಯೊಬ್ಬಳು ನಡೆಸುವ ಖಾನಾವಳಿಗೆ ಹೋಗಿ ಬಿಸಿ ಭಾಕರಿ ರೊಟ್ಟಿ, ಕಡಲೆಹಿಟ್ಟಿನ ಝುಣಕ, ಮೆಣಸಿನಕಾಯಿ ಠೇಚಾ ಉಣ್ಣಬೇಕು. ಮಿಸಳ್ ತಿನ್ನುವುದು ಮರಳಿ ಬರುವಾಗ, ಯಾಕೆಂದರೆ ಆ ಖಾರಕ್ಕೆ ಮೂಗು ಅರ್ಧ ದಿನ ರಜೆ ಹಾಕುತ್ತದೆ. ಕೆಂಪು ವೈನನ್ನು ಮಾತ್ರ ಮನೆಗೆ ತಂದು, ಅತ್ತೆ ಮಾಡಿದ ಬದನೆಕಾಯಿ ಎಣ್ಣೆಗಾಯಿಯ ಜೊತೆ ಕುಡಿಯಬೇಕು. ಈಗಲೂ ಯಾರಾದರೂ ಕೇಳಿದರೆ ನಾನು ನಿಮ್ಮದೇ ಮಾತನ್ನು ನಿಮ್ಮದೇ ಗತ್ತಿನಲ್ಲಿ ಒಪ್ಪಿಸುತ್ತೇನೆ.

ಅತ್ತೆ ಮಾತ್ರ ಒಂದು ವರ್ಷವೂ ಬರಲಿಲ್ಲ. "ಹೂವಿಲ್ಲದ ನಾ ಹೊಸ್ತಿಲಾ ದಾಟಂಗಿಲ್ಲ. ನಿಮ್ಮ ಮೂಗಿನ ಸಲುವಾಗಿ ತಲಿ ಬೋಳ ಇಟ್ಕೊಂಡು ಬರ್ಲೇನು?" ಅನ್ನುತ್ತಿದ್ದರು. "ಮಲ್ಲಿಗಿ ಇದ್ದಲ್ಲಿ ಬ್ಯಾರೆ ವಾಸನಿ ಹತ್ತಂಗಿಲ್ಲ ಮಾರಾಯ್ತಿ," ಅಂತ ನೀವು. "ಎಲ್ಲಾ ಸುಳ್ಳು!" ಅಂತ ಅವರು. ಅವರ ಬದಲು ಅವರ ಬುತ್ತಿಡಬ್ಬಿ ಬರುತ್ತಿತ್ತು, ಕಡಕ್ ರೊಟ್ಟಿ, ಶೇಂಗಾಚಟ್ನಿ ತುಂಬಿಕೊಂಡು. ದಾರಿಯಲ್ಲಿ ಯಾರೂ ಹಸಿದಿರಬಾರದಲ್ಲ! ಮರಳುವಾಗ ಆ ಖಾಲಿ ಡಬ್ಬಿಯನ್ನು ನೀವು ಖಾನಾವಳಿಯ ತಾಯಿಯ ಕೈಗೆ ಕೊಡುತ್ತಿದ್ದಿರಿ. ಆಕೆ ಹಿತ್ತಲಿನ ಮೊಗ್ರಾ ಮಲ್ಲಿಗೆ ಕಟ್ಟಿ ಅದರಲ್ಲಿ ಇಟ್ಟುಕೊಡುತ್ತಿದ್ದಳು. ನೀವು ಮುಚ್ಚಳ ಬಿಗಿದು, ಡಿಕ್ಕಿಯಲ್ಲಿಟ್ಟು, ಬೊರಿವಲಿ ಬರುವ ತನಕ ಅದನ್ನು ಯಾರಿಗೂ ತೆರೆಯಗೊಡುತ್ತಿರಲಿಲ್ಲ. ಜಗಳವಾಡಿ ಹೋಗಿ ಹೂ ತರುವ ಗಂಡನನ್ನು ನಾನು ನಿಮ್ಮಲ್ಲೇ ಮೊದಲು ಕಂಡದ್ದು.

ನೀವು ಹೋದ ಮೇಲೆ ಅತ್ತೆ ಹೂ ಬಿಟ್ಟರು. ವಿಜಯಪುರದಿಂದ ಬಂದ ನಿಮ್ಮ ಅಕ್ಕ ಆ ಪದ್ಧತಿ ಹೇಳುವ ಮೊದಲೇ ಬಿಟ್ಟಿದ್ದರು. ಸ್ಟೇಷನ್ ಹೊರಗೆ ಹೂ ಮಾರುವ ಮೌಶಿ ಕಾಣಬಾರದೆಂದು ತರಕಾರಿಗೆ ಸುತ್ತುದಾರಿ ಹಿಡಿಯುತ್ತಿದ್ದರು. ಕಿಟಕಿಯ ಹತ್ತಿರ ಕೂತರೆ ಕೂತೇ ಇರುತ್ತಿದ್ದರು. ಹೀಗೇ ಬಿಟ್ಟರೆ ನಿಮ್ಮ ಹಿಂದೆಯೇ ಇವರೂ... ಎಂದು ನನಗೆ ಭಯವಾಯಿತು. ಒಂದು ದಿನ ಧೈರ್ಯ ಮಾಡಿ, "ಅತ್ತೀ, ಈ ಸಲ ನಾಸಿಕಕ್ಕ ನೀವೂ ಬರ್ರಿ," ಅಂದೆ. ಅವರು ನನ್ನ ಮುಖ ನೋಡಿ, "ಬರ್ತೀನಿ ತಗೋ. ಇನ್ನೇನು ಅಡ್ಡಿ ಅದ? ಹೂವಂತೂ ಇಲ್ಲ," ಅಂದರು. ನನಗೆ ಯಾಕಾದರೂ ಕೇಳಿದೆನೋ ಅನ್ನಿಸಿತು.

ಭಿವಂಡಿಯ ಟ್ರಾಫಿಕ್ ನಿಮಗೆ ಹೇಳಬೇಕೇ? ಕಸಾರಾ ಘಾಟ್ ಹತ್ತುವ ಹೊತ್ತಿಗೇ ಬುತ್ತಿಯ ರೊಟ್ಟಿಯೆಲ್ಲ ಮುಗಿದಿತ್ತು, ನಾಸಿಕ ಮುಟ್ಟುವಾಗ ಮಧ್ಯಾಹ್ನ. ಅತ್ತೆಯ ಸಕ್ಕರೆ ಕಾಯಿಲೆಯ ಮಾತ್ರೆಯ ಹೊತ್ತು ಮೀರುತ್ತಿತ್ತೆಂದು ವಾಸನೆ ನೋಡುವುದನ್ನು ಬಿಟ್ಟು ಮೊದಲು ಊಟಕ್ಕೇ ಹೋದೆವು. ಇದು ನಾವು ಮುರಿದ ಮೊದಲ ಕಾನೂನು. ಖಾನಾವಳಿಯ ತಾಯಿ ಡಬ್ಬಿ ನೋಡಿದ್ದೇ ಗುರುತು ಹಿಡಿದು ಒಳಗೆ ಒಯ್ದಳು. ನಾವು ಭಾಕರಿ ಉಂಡು ಏಳುವಷ್ಟರಲ್ಲಿ ಎಂದಿನಂತೆ ಮೊಗ್ರಾ ತುಂಬಿಸಿ ತಂದು, "ಕಾಕಾ ನಾಹೀ ಆಲೆ?" ಎಂದು ನೀವು ಬಾರದ್ದನ್ನು ಕೇಳಿದಳು. ಕಾಕಾ ಇನ್ನು ಬರುವುದಿಲ್ಲ ಎಂದು ನಿಮ್ಮ ಮಗ ಹೇಳಿದರು. ಆಕೆಗೆ ನಾನು ಅತ್ತೆಯನ್ನು ಪರಿಚಯಿಸಿದೆ. ಪಾಪ, ಆಕೆಯ ಮುಖ ಸಣ್ಣದಾಯಿತು. ಗಂಡನನ್ನು ಕಳೆದುಕೊಂಡವರ ಮುಂದೆ ಹೂ ಹಿಡಿದು ನಿಂತೆನಲ್ಲಾ ಎಂದು ಡಬ್ಬಿಯನ್ನು ಸೆರಗಿನ ಹಿಂದೆ ಮುಚ್ಚಿಟ್ಟುಕೊಂಡಳು.

ಆಗ ಅತ್ತೆ ಎದ್ದರು, ಮಾವಾರೆ. "ಯಾಕ ಒಯ್ತೀಯವಾ? ಕೊಡಿಲ್ಲಿ. ಅವ್ರು ವರ್ಷಾ ನನಗ ತರೂ ಹೂವ ಅದು," ಅಂದರು. ಕನ್ನಡದಲ್ಲೇ ಅಂದರು, ಆ ತಾಯಿಗೆ ಅರ್ಥವಾಯಿತು. ಡಬ್ಬಿ ಇಸಿದುಕೊಂಡು ನನ್ನ ಕಡೆ ಬೆನ್ನು ತಿರುಗಿಸಿ ನಿಂತು, "ಮುಡಿಸು," ಅಂದರು. ನಾನು ಮುಡಿಸಿದೆ. ನಿಮ್ಮ ಮಗ ಕಾರಿನ ಗಾಜು ಒರೆಸುವ ನೆಪದಲ್ಲಿ ಹೊರಗೆ ಹೋದರು.

ಅಲ್ಲಿಂದ ಟೆರೇಸಿಗೆ. ಕಾರಿನ ತುಂಬ ಮೊಗ್ರಾ, ಎಸಿ ಹಾಕಿದಷ್ಟೂ ಘಮ. ನೀರು ಕಾಣುವ ನಿಮ್ಮ ಕುರ್ಚಿಯಲ್ಲಿ ಅತ್ತೆಯನ್ನು ಕೂರಿಸಿದೆವು. ನಿಮ್ಮ ಪ್ಯಾರಲಹಣ್ಣಿನ ವೈನನ್ನೇ ತರಿಸಿದೆವು. ಅತ್ತೆ ನಿಮ್ಮಂತೆಯೇ ಗ್ಲಾಸು ಎತ್ತಿ, ಕಣ್ಣು ಮುಚ್ಚಿ ಮೂಸಿದರು. ಮತ್ತೊಮ್ಮೆ ಮೂಸಿದರು. ಆಮೇಲೆ ನಗತೊಡಗಿದರು, ನೀವು ಹೋದಾಗಿನಿಂದ ನಾವು ಕೇಳದಿದ್ದ ನಗು. ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಖರೇನ ಹೇಳ್ತಿದ್ರಲ್ಲೇ ಅವ್ರು! ಬರೇ ಮಲ್ಲಿಗಿ ಬರ್ತದ. ಏನೂ ಹತ್ತವಲ್ಲದು," ಅಂದರು.

ನೀವು ಗೆದ್ದಿರಿ, ಮಾವಾರೆ. ಅಷ್ಟು ವರ್ಷದ ಜಗಳ ಗೆದ್ದ ಸುದ್ದಿ ನಿಮಗೆ ಯಾರು ತಲುಪಿಸುತ್ತಾರೆಂದು ನಾನೇ ಬರೆದೆ. ಮುಂದಿನ ವರ್ಷವೂ ಅತ್ತೆಯನ್ನು ಕರೆದುಕೊಂಡು ಹೋಗುತ್ತೇನೆ. ಹೂ ಮುಡಿದೇ ಬರುತ್ತಾರಂತೆ, ಈಗಲೇ ಹೇಳಿಬಿಟ್ಟಿದ್ದಾರೆ. ಯಾವ ವೈನು ಒಳ್ಳೆಯದು ಅನ್ನುವುದು ಮಾತ್ರ ಇನ್ನು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ನಿಮ್ಮ ಸೊಸೆ,
ಶೈಲಾ