ನಕ್ಷತ್ರಕ್ಕೆ ಮುಚ್ಚಿದ ಮನೆ

ಅಕ್ಟೋಬರ್ 19, ಬುಧವಾರ. ಗುಬ್ಬಿ.

ಮನೆಯ ಬೀಗದ ಕೈ ಇನ್ನೂ ನನ್ನ ಸೆರಗಿನ ಗಂಟಿನಲ್ಲೇ ಇದೆ. ನಾಳೆ ಬೆಳಿಗ್ಗೆ ಮೈದುನನಿಗೆ ಏನು ಹೇಳಲಿ, ತಿಳಿಯುತ್ತಿಲ್ಲ.

ಯಜಮಾನರು ತೀರಿಕೊಂಡ ನಕ್ಷತ್ರ ಸರಿಯಿಲ್ಲ, ಆರು ತಿಂಗಳು ಮನೆ ಮುಚ್ಚಬೇಕು ಎಂದವನು ಮೈದುನ ರೇವಣ್ಣನೇ. ಅಂದಿನಿಂದ ಅವನ ನಡುಮನೆಯಲ್ಲಿ ಮಲಗುತ್ತಿದ್ದೇನೆ. ಯಜಮಾನರ ಕನ್ನಡಕ ತಂದುಕೊಳ್ಳುತ್ತೇನೆಂದರೂ ಒಳಗೆ ಬಿಡಲಿಲ್ಲ. ಇನ್ನೂ ಮೂರು ತಿಂಗಳಾಗಿಲ್ಲ.

ಹೋದ ವಾರ ಕೆರೆ ಒಡೆದು ಕೆಳಗಿನ ಬೀದಿಯ ಮನೆಗಳು ಬಿದ್ದ ಮೇಲೆ ಊರಲ್ಲಿ ಬಾಡಿಗೆಗೆ ಮನೆಯೇ ಇಲ್ಲ. ನಾಲ್ಕು ಸಾವಿರದ ಮನೆಗೆ ಹತ್ತು ಕೇಳುತ್ತಿದ್ದಾರೆ. ಸಂಜೆ ರೇವಣ್ಣ, "ಅತ್ಗೆ, ಬೀಗ ತೆಗ್ದ್‌ಬುಡಿ. ಹತ್ತು ಸಾವ್ರಕ್ಕೆ ಪಾರ್ಟಿ ಬಂದವ್ರೆ," ಎಂದ.

"ಮತ್ತೆ ನಕ್ಷತ್ರ?"

"ಒಂದ್ ಶಾಂತಿ ಮಾಡ್ಸಿದ್ರೆ ಮುಗೀತದೆ ಬುಡಿ."

ಹಾಗಾದರೆ ನನಗೇಕೆ ಮಾಡಿಸಲಿಲ್ಲ? ಕೇಳಲಾಗಲಿಲ್ಲ. ಅವನ ಮನೆಯ ಅನ್ನ ಉಣ್ಣುತ್ತಿದ್ದೇನೆ. ಆಗ ನಿಜಕ್ಕೂ ನಕ್ಷತ್ರಕ್ಕೆ ಹೆದರಿದ್ದನೋ ಏನೋ.

ಆ ಪಾರ್ಟಿ ಎಂದರೆ ಹೂ ಮಾರುವ ಜಯಮ್ಮ, ಬಾಗಿಲಲ್ಲೇ ನಿಂತಿದ್ದಳು. ಮನೆ ಬಿದ್ದು ಬಾಣಂತಿ ಮಗಳ ಜೊತೆ ಶಾಲೆಯ ಜಗುಲಿಯಲ್ಲಿದ್ದಾಳೆ. "ನೀರೇ ನೋಡ್‌ಬುಟ್ಟಿವಿ ಕಣಕ್ಕ, ನಕ್ಷತ್ರ ಇನ್ನೇನ್ ಮಾಡ್ತದೆ?" ಎಂದು ನಕ್ಕಳು. ಕಿವಿಯಲ್ಲಿ ಓಲೆ ಇರಲಿಲ್ಲ; ಬಾಡಿಗೆಗೆಂದು ಅಡವಿಟ್ಟಿರಬೇಕು.

ನಾಲ್ಕು ಸಾವಿರಕ್ಕೇ ಕೊಟ್ಟರೆ ರೇವಣ್ಣ ಸುಮ್ಮನಿರುತ್ತಾನೆಯೇ? ಕೊಡದಿದ್ದರೆ ಆ ಹಸುಗೂಸು ಎಲ್ಲಿ ಮಲಗಬೇಕು? ಮುಂದಿನ ಕೋಣೆ ಅವರಿಗೆ, ಹಿಂದಿನದು ನನಗೆ ಅಂದುಬಿಡಲೇ? ಅಷ್ಟು ಧೈರ್ಯ ನನಗಿದೆಯೋ ಇಲ್ಲವೋ.

ಯಾರಿಗೆ ಕೊಟ್ಟರೂ ಬೀಗ ನಾನೇ ತೆಗೆಯಬೇಕು. ಕನ್ನಡಕ ಕಿಟಕಿಯ ಮೇಲೇ ಇದೆ. ಬೇರೆ ಯಾರಾದರೂ ಅದನ್ನು ಎತ್ತಿಡುವ ಮೊದಲು ನಾನು ಒಳಗೆ ಹೋಗಬೇಕು.